ಚೊಂಬು, ತಂಬಿಗೆ: ಒಂದು ಶಬ್ದವಿಚಾರ

ಬೆಂಗಳೂರಿಗೆ ಉತ್ತರದ ಚಿಕ್ಕಜಾಲದ ಸೀಮೆಯಲ್ಲಿ ಕುಡಿಯುವ ನೀರಿನ ಪಾತ್ರೆಗೆ ಚೊಂಬೆಂದು ಹೆಸರು. ಉತ್ತರ ಕರ್ನಾಟಕದಲ್ಲಿ ತಂಬಿಗೆಯೆಂಬುದು ರೂಢಿ. ಇವೆರಡರ ಮೂಲವು ವಿಚಾರಣೀಯವಾಗಿದೆ.

ತಂಬಿಗೆಯ ವಿಷಯದಲ್ಲಿ ಕ್ಲೇಶವಿಲ್ಲ. ಸಂಸ್ಕೃತದ ತಾಮ್ರವು ಪ್ರಾಕೃತದಲ್ಲಿ ತಂಬವಾಯಿತು. ಮಲ್ಲಿಕೆಯು ಮಲ್ಲಿಗೆಯೂ ದೀಪಿಕೆಯು ದೀವಿಗೆಯೂ ಆದಂತೆ ತಾಮ್ರಿಕೆಯು ತಂಬಿಗೆಯಾಯಿತೆನ್ನಬಹುದು.

ಚೊಂಬನ್ನು ಕುಂಭಶಬ್ದದಿಂದ ಸಾಧಿಸಲು ಸಂಸ್ಕೃತಪಾಠಶಾಲೆಗಳಲ್ಲಿ ಓದಿದ ನಮ್ಮಂಥವರಿಗೆ ಮನಸ್ಸಾಗುವುದು ಸಹಜ. ಆದರೆ ಕುಂಭಕಾರನು ಕುಂಬಾರನಾದನೇ ಹೊರತು ಚೊಂಬಾರನಾಗಲಿಲ್ಲ. ಚೊಂಬಿಗೆ ಚೆಂಬು ಎಂಬ ರೂಪಾಂತರವುಂಟು. ಓಷ್ಠ್ಯವಾದ ಬಕಾರದ ಸಾಮೀಪ್ಯದಿಂದ ಎಕಾರವು ಒಕಾರವಾಗಿರಬೇಕು. ತಮಿಳಿನಲ್ಲಿ ಚೆಂಬು ಎಂದರೆ ತಾಮ್ರವೂ ಹೌದು, ಪಾತ್ರೆಯೂ ಹೌದು. ಕೆಂಪೆಂಬರ್ಥದ ಧಾತುವೇ ಇದಕ್ಕೆ ಮೂಲ.

ಇಲ್ಲೊಂದು ಸೂಕ್ಷ್ಮವುಂಟು. ಕನ್ನಡವು ಉಳಿಸಿಕೊಂಡ ಆದಿಯ ಕಕಾರವು ಇಂಥಲ್ಲಿ ತಮಿಳು ತೆಲುಗುಗಳಲ್ಲಿ ಚಕಾರವಾಗುತ್ತದೆ: ನಮ್ಮ ಕಿವಿ ಅವರಿಗೆ ಚೆವಿ. ಆದುದರಿಂದ ಅಚ್ಚಗನ್ನಡದಲ್ಲಿ ಕೆಂಬು ಎಂದಾಗಬೇಕಿತ್ತು. ಚಕಾರವಿರುವುದರಿಂದ ಈ ಶಬ್ದವು ತಮಿಳಿನಿಂದಲೋ ತೆಲುಗಿನಿಂದಲೋ ಬಂದುದೆಂದು ತಿಳಿಯಬೇಕು.

ಹೀಗೆ ತಂಬಿಗೆಯು ಸಂಸ್ಕೃತಮೂಲ, ಚೊಂಬು ದ್ರಾವಿಡಮೂಲ. ಎರಡರ ಅರ್ಥವೂ ತಾಮ್ರವೇ. ಪಾತ್ರೆಯು ಇಂದು ಉಕ್ಕಿನದಾದರೂ ಹೆಸರು ಮಾತ್ರ ತಾಮ್ರದ್ದಾಗಿಯೇ ನಿಂತಿದೆ. ನಿಘಂಟುಕಾರರು ಸಂಸ್ಕೃತದ ಕಡೆಗೆ ಕೈಚಾಚುವ ಮೊದಲು ನೆರೆಮನೆಯ ಬಾಗಿಲನ್ನೂ ತಟ್ಟಿ ನೋಡುವುದು ಲೇಸು.