ಕವಲೊಡೆದ ಧರ್ಮ: ಆದಿಪುರಾಣದ ಒಂದು ಪ್ರಸಂಗ

ಧರ್ಮವೊಂದು ಹೇಗೆ ಕವಲೊಡೆಯುತ್ತದೆ ಎಂಬ ಪ್ರಶ್ನೆ ಇತಿಹಾಸಕಾರನಿಗೆ ಎಷ್ಟು ಮುಖ್ಯವೋ, ಕಲ್ಪಿತ ಲೋಕಗಳನ್ನು ಕಟ್ಟುವ ಕಥೆಗಾರನಿಗೂ ಅಷ್ಟೇ ಮುಖ್ಯವಾದುದು. ಮುಂಬರುವ ಯುಗಗಳನ್ನೂ ಅನ್ಯಗ್ರಹಗಳನ್ನೂ ಕುರಿತು ಬರೆಯುವ ವಿಜ್ಞಾನಕಥೆಗಾರರು ಯಂತ್ರಗಳನ್ನು ಕಲ್ಪಿಸುವಷ್ಟೇ ಸುಲಭವಾಗಿ ಮತಗಳನ್ನೂ ಕಲ್ಪಿಸುತ್ತಾರೆ. ಆ ಮತಗಳಿಗೆ ಶಾಖೆಗಳನ್ನು ಏರ್ಪಡಿಸಿ ಹೆಸರಿಡುತ್ತಾರೆ. ಆದರೆ ಹೆಸರಿಟ್ಟ ಮಾತ್ರಕ್ಕೆ ಶಾಖೆ ಹುಟ್ಟಿದಂತಾಗದು. ಒಬ್ಬನೇ ಗುರುವನ್ನು ನಂಬಿ ಹೊರಟವರು ಯಾವ ಗಳಿಗೆಯಲ್ಲಿ, ಯಾವ ಒತ್ತಡಕ್ಕೆ ಸಿಕ್ಕಿ ಬೇರೆ ದಾರಿ ಹಿಡಿದರು ಎಂಬುದನ್ನು ತೋರಿಸಿದಾಗ ಮಾತ್ರ ಅಂಥ ಧರ್ಮ ನಮಗೆ ನಂಬಲರ್ಹವಾಗುತ್ತದೆ. ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ, ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬರುವ ಒಂದು ಪ್ರಸಂಗ ಇಂದಿನ ವಿಜ್ಞಾನಕಥೆಗಳು ಕಲಿಯಬೇಕಾದ ಪಾಠವನ್ನು ಒಳಗೊಂಡಿದೆಯೆಂಬುದು ಈ ಲೇಖನದ ವಾದ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಿಂದ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಹಲವರು ಫ್ರಾಂಕ್ ಹರ್ಬರ್ಟನ ‘ಡ್ಯೂನ್’ (೧೯೬೫) ಕಾದಂಬರಿಯನ್ನು ಓದಿಲ್ಲವಾದರೂ, ೨೦೨೧ ಮತ್ತು ೨೦೨೪ರಲ್ಲಿ ತೆರೆಕಂಡ ಅದರ ಚಲನಚಿತ್ರರೂಪವನ್ನು ಬಲ್ಲರು. ಅವರೊಳಗೊಬ್ಬನು, “ಇಷ್ಟೊಂದು ಮತಭೇದಗಳನ್ನು ಒಬ್ಬನೇ ಲೇಖಕ ಕೂತು ಕಲ್ಪಿಸಬಹುದೇ?” ಎಂದು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಪ್ರೇರಣೆ. ಕಲ್ಪಿಸಬಹುದು, ಆದರೆ ಆ ಕಲ್ಪನೆಯ ಬೆಲೆಯನ್ನು ಕಟ್ಟುವುದು ಹೇಗೆಂಬುದೇ ವಿಮರ್ಶೆಯ ಕೆಲಸ.

ಮೊದಲು ಈಚಿನ ಕೃತಿಗಳನ್ನು ನೋಡೋಣ. ಐಸಾಕ್ ಅಸಿಮೋವನ ‘ಫೌಂಡೇಷನ್’ (೧೯೫೧) ಕೃತಿಯಲ್ಲಿ, ಅಳಿಯುತ್ತಿರುವ ಸಾಮ್ರಾಜ್ಯದ ಅಂಚಿನಲ್ಲಿರುವ ವಿಜ್ಞಾನಿಗಳು ನೆರೆಯ ರಾಜ್ಯಗಳಿಗೆ ಅಣುಶಕ್ತಿಯನ್ನು ಧರ್ಮದ ವೇಷದಲ್ಲಿ ಕೊಡುತ್ತಾರೆ. ಯಂತ್ರವನ್ನು ನಡೆಸಬಲ್ಲ, ಆದರೆ ಅದರ ತತ್ತ್ವವನ್ನರಿಯದ ಪುರೋಹಿತವರ್ಗವೊಂದು ಹುಟ್ಟಿಕೊಳ್ಳುತ್ತದೆ. ಇಲ್ಲಿ ಧರ್ಮವೆಂಬುದು ಕೇವಲ ರಾಜಕೀಯ ಉಪಾಯ. ಅದನ್ನು ನಂಬಿದವನ ಒಳಗೆ ಏನಾಗುತ್ತದೆಂಬುದು ಲೇಖಕನ ಆಸಕ್ತಿಯಲ್ಲ. ಆದುದರಿಂದ ಆ ಧರ್ಮ ಕವಲೊಡೆಯಲಾರದು, ಕೆಲಸ ಮುಗಿದೊಡನೆ ಬಿದ್ದುಹೋಗುತ್ತದೆ. ಹರ್ಬರ್ಟನು ಇನ್ನೂ ಆಳಕ್ಕೆ ಇಳಿದಿದ್ದಾನೆ. ಅವನ ಮರುಭೂಮಿಯ ಜನರಿಗೆ ನೀರೇ ಪರಮದ್ರವ್ಯ. ಸತ್ತವನ ಒಡಲ ನೀರೂ ಕುಲಕ್ಕೆ ಸೇರಿದುದು. ಅವರ ಆಚಾರವೆಲ್ಲವೂ ಈ ಕೊರತೆಯಿಂದ ರೂಪುಗೊಂಡಿದೆ. ಆದರೆ ಅದೇ ಕೃತಿಯಲ್ಲಿ, ಹಲವು ಮತಗಳನ್ನು ಕೂಡಿಸಿ ಒಂದೇ ಪವಿತ್ರಗ್ರಂಥವನ್ನು ರಚಿಸಹೊರಟ ಆಯೋಗದ ವೃತ್ತಾಂತವು ಅನುಬಂಧದಲ್ಲಿ ಬರಿಯ ವರದಿಯಾಗಿ ಉಳಿದಿದೆ. ಎಂದರೆ, ಕೊರತೆಯು ಆಚಾರವನ್ನು ಹುಟ್ಟಿಸುವುದನ್ನು ಹರ್ಬರ್ಟ್ ಕಣ್ಣಾರೆ ತೋರಿಸುತ್ತಾನೆ. ಶಾಖೆ ಒಡೆಯುವುದನ್ನು ಮಾತ್ರ ಹೇಳಿ ಮುಗಿಸುತ್ತಾನೆ.

ಇನ್ನು ನಮ್ಮ ಪುರಾಣದ ಕಡೆಗೆ ತಿರುಗಬಹುದು. ಪುರಾಣವನ್ನು ವಿಜ್ಞಾನಕಥೆಯೊಡನೆ ಇಟ್ಟು ನೋಡುವುದು ಕೆಲವರಿಗೆ ಉದ್ಧಟತನವಾಗಿ ತೋರಬಹುದು. ಶ್ರದ್ಧಾವಂತರಿಗೆ ಅದು ಪೂಜ್ಯ ಚರಿತೆ. ಅದನ್ನು ಅಲ್ಲಗಳೆಯುವ ಉದ್ದೇಶ ಇಲ್ಲಿಲ್ಲ. ಕಾವ್ಯದೃಷ್ಟಿಯಿಂದ ನೋಡುವಾಗ ಮಾತ್ರ, ಜೈನ ಪುರಾಣಕಾರರ ಲೋಕನಿರ್ಮಾಣವು ಯಾವ ಆಧುನಿಕ ಕಥೆಗಾರನಿಗೂ ಬೆರಗನ್ನು ಹುಟ್ಟಿಸುವಂಥದು. ಏರುವ ಮತ್ತು ಇಳಿಯುವ ಕಾಲಚಕ್ರ, ದ್ವೀಪಸಮುದ್ರಗಳ ಸುತ್ತುಗಳು, ಬೇಡಿದ್ದನ್ನು ಕೊಡುವ ಕಲ್ಪವೃಕ್ಷಗಳಿದ್ದ ಭೋಗಭೂಮಿ, ಆ ವೃಕ್ಷಗಳು ಕ್ಷೀಣಿಸಿದ ಮೇಲೆ ಜನರು ದುಡಿದು ಉಣ್ಣಬೇಕಾದ ಕರ್ಮಭೂಮಿ, ಇವೆಲ್ಲವೂ ಲೆಕ್ಕಾಚಾರದಿಂದ ಕೂಡಿದ ಒಂದು ವ್ಯವಸ್ಥೆ. ಮೂಡುಬಿದಿರೆಯ ಕವಿ ರತ್ನಾಕರವರ್ಣಿಯು ೧೫೫೭ರಲ್ಲಿ ರಚಿಸಿದ ತ್ರಿಲೋಕಶತಕದ ವಸ್ತುವೂ ಈ ಲೋಕರಚನೆಯೇ.

ಪ್ರಸಂಗ ಹೀಗಿದೆ. ಕೃಷಿಯೇ ಮೊದಲಾದ ವೃತ್ತಿಗಳನ್ನು ಜನರಿಗೆ ಕಲಿಸಿದ ವೃಷಭನಾಥನು ಕೊನೆಗೆ ರಾಜ್ಯವನ್ನು ತೊರೆದು ದೀಕ್ಷೆ ವಹಿಸುತ್ತಾನೆ. ಅವನೊಡನೆ ಕಚ್ಛ, ಮಹಾಕಚ್ಛರೇ ಮೊದಲಾದ ನಾಲ್ಕು ಸಾವಿರ ಅರಸರೂ ದೀಕ್ಷೆ ಪಡೆಯುತ್ತಾರೆ. ತತ್ತ್ವವನ್ನರಿತು ಅಲ್ಲ, ಒಡೆಯನು ಮಾಡಿದುದನ್ನು ತಾವೂ ಮಾಡಬೇಕೆಂಬ ಸ್ವಾಮಿಭಕ್ತಿಯಿಂದ. ಸ್ವಾಮಿಯು ಆರು ತಿಂಗಳು ಅನಶನವ್ರತದಲ್ಲಿ ಕದಲದೆ ನಿಲ್ಲುತ್ತಾನೆ. ಅರಸರು ನಿಲ್ಲಲಾರರು. ಹಸಿವು ನೀರಡಿಕೆಗಳು ಅವರನ್ನು ಹಣ್ಣುಮಾಡುತ್ತವೆ. ಊರಿಗೆ ಮರಳೋಣವೆಂದರೆ ಸ್ವಾಮಿಯನ್ನು ಬಿಟ್ಟು ಬಂದವರೆಂದು ಭರತನು ದಂಡಿಸಿಯಾನೆಂಬ ಭಯ. ಹೀಗೆ ಅತ್ತ ತಪವನ್ನೂ ನಡೆಸಲಾರದೆ, ಇತ್ತ ಮನೆಗೂ ಹೋಗಲಾರದೆ ಕಾಡಿನ ಹಣ್ಣು, ಗೆಡ್ಡೆಗಳಿಗೆ ಕೈಚಾಚುತ್ತಾರೆ. ಆಗ ವನದೇವತೆಗಳು ಅಡ್ಡಬಂದು, ಈ ದಿಗಂಬರ ವೇಷದಲ್ಲಿ ಹಾಗೆ ಮಾಡಬೇಡಿರೆಂದು ತಡೆಯುತ್ತಾರೆ. ಅರಸರು ಹಸಿವನ್ನು ಬಿಡಲಾರದುದರಿಂದ ವೇಷವನ್ನು ಬಿಡುತ್ತಾರೆ: ಕೆಲವರು ನಾರುಡೆ ಉಡುತ್ತಾರೆ, ಕೆಲವರು ಬೂದಿ ಬಳಿದುಕೊಳ್ಳುತ್ತಾರೆ, ಕೆಲವರು ಜಟೆ ಬಿಡುತ್ತಾರೆ, ಕೆಲವರು ದಂಡ ಹಿಡಿಯುತ್ತಾರೆ. ಅವರೊಳಗೆ ಸ್ವಾಮಿಯ ಮೊಮ್ಮಗನಾದ ಮರೀಚಿಯು ಬೇರೊಂದು ದರ್ಶನವನ್ನೇ ಉಪದೇಶಿಸತೊಡಗುತ್ತಾನೆ. ಲೋಕದ ಪರಮತಗಳ ಹುಟ್ಟು ಇದೆಂದು ಪುರಾಣದ ನಿಲವು.

ಜಿನಸೇನರ ತೀರ್ಪು ಸ್ಪಷ್ಟವಾಗಿದೆ: ಇದು ದುರ್ಬಲರ ಪತನ. ಪರಮತಗಳನ್ನು ತನ್ನ ಮತದಿಂದ ಜಾರಿಬಿದ್ದವುಗಳೆಂದು ಹೇಳುವುದು ವಾದದ ಒಂದು ತಂತ್ರವೂ ಹೌದು. ಅದನ್ನು ನಾವು ಇತಿಹಾಸವೆಂದು ಸ್ವೀಕರಿಸಬೇಕಾಗಿಲ್ಲ. ಆದರೆ ಕವಿಯ ತೀರ್ಪಿಗಿಂತ ಕವಿಯ ವಿವರ ದೊಡ್ಡದು. ಇಲ್ಲಿ ಶಾಖೆ ಒಡೆದದ್ದು ಆತ್ಮ, ಕರ್ಮಗಳ ಚರ್ಚೆಯಲ್ಲಿ ಅಲ್ಲ. ಹೊಟ್ಟೆಯ ಹಸಿವು, ಅರಸನ ಭಯ, ವೇಷದ ಮರ್ಯಾದೆ ಈ ಮೂರರ ನಡುವೆ. ಸಿದ್ಧಾಂತ ಆಮೇಲೆ ಬಂದಿತು. ಮೇಲಾಗಿ ಇದೇ ಕಥೆಯ ಮುಂದಿನ ಭಾಗ ಅರಸರ ದೌರ್ಬಲ್ಯವೊಂದೇ ಕಾರಣವಲ್ಲವೆಂಬುದನ್ನು ಹೊರಗೆಡಹುತ್ತದೆ. ವ್ರತ ಮುಗಿದು ಸ್ವಾಮಿಯು ಆಹಾರಕ್ಕೆ ಹೊರಟಾಗ, ಮುನಿಗೆ ಏನನ್ನು ಹೇಗೆ ನೀಡಬೇಕೆಂಬುದು ಯಾರಿಗೂ ತಿಳಿಯದು. ಜನರು ಆನೆ, ಕುದುರೆ, ರತ್ನ, ಕನ್ಯೆಯರನ್ನು ತಂದೊಪ್ಪಿಸುತ್ತಾರೆ. ಒಂದು ಹಿಡಿ ಅನ್ನವನ್ನು ಕೊಡುವವರಿಲ್ಲ. ಬಹುಕಾಲದ ಮೇಲೆ ಹಸ್ತಿನಾಪುರದ ಶ್ರೇಯಾಂಸನು ಪೂರ್ವಜನ್ಮದ ಸ್ಮರಣೆಯಿಂದ ದಾನವಿಧಿಯನ್ನು ತಿಳಿದು ಕಬ್ಬಿನ ಹಾಲನ್ನು ನೀಡುತ್ತಾನೆ. ಅಕ್ಷಯ ತದಿಗೆಯಾಗಿ ಜೈನರು ಆಚರಿಸುವುದು ಆ ದಿನವನ್ನೇ. ಎಂದ ಮೇಲೆ, ಸನ್ಯಾಸವು ಲೋಕಕ್ಕೆ ಬಂದಿತ್ತು, ಸನ್ಯಾಸಿಗೆ ಉಣಿಸುವ ವ್ಯವಸ್ಥೆ ಇನ್ನೂ ಬಂದಿರಲಿಲ್ಲ. ನಾಲ್ಕು ಸಾವಿರ ಜನ ಬಿದ್ದದ್ದು ಈ ಎರಡರ ನಡುವಣ ಕಂದಕದಲ್ಲಿ.

ಇತಿಹಾಸದಲ್ಲಿ ಇದಕ್ಕೆ ಸಮಾನವಾದ ನಿದರ್ಶನಗಳುಂಟೆ? ಉಂಟು. ದಿಗಂಬರ ಶ್ವೇತಾಂಬರ ಭೇದದ ಮೂಲವನ್ನು ಹೇಳುವ ಕಥೆಯೊಂದು ಹರಿಷೇಣನ ಬೃಹತ್ಕಥಾಕೋಶದಲ್ಲಿದೆ (ಕ್ರಿ.ಶ. ೯೩೧). ಅಲ್ಲಿಯೂ ಕಾರಣ ಹಸಿವೇ: ಹನ್ನೆರಡು ವರ್ಷದ ಕ್ಷಾಮ. ಉತ್ತರದಲ್ಲಿ ಉಳಿದ ಮುನಿಗಳು ರಾತ್ರಿ ಭಿಕ್ಷೆಗೆ ಹೋಗುವಂತಾಯಿತು. ಕತ್ತಲಲ್ಲಿ ನಗ್ನಮುನಿಯನ್ನು ಕಂಡು ಗರ್ಭಿಣಿಯೊಬ್ಬಳು ಬೆದರಿ ಗರ್ಭಪಾತವಾಗಲು, ಅರೆವಸ್ತ್ರವನ್ನಾದರೂ ತೊಡಬೇಕೆಂದು ಶ್ರಾವಕರು ಬೇಡಿಕೊಂಡರು. ಶ್ವೇತಾಂಬರರು ಈ ಕಥೆಯನ್ನು ಒಪ್ಪುವುದಿಲ್ಲ; ಒಂದು ಶಾಖೆಯ ಹುಟ್ಟನ್ನು ಇನ್ನೊಂದು ಶಾಖೆ ಹೇಳುವಾಗ ನಾವು ಎಚ್ಚರದಿಂದಿರಬೇಕು. ಆದರೂ ಎರಡು ಕಥೆಗಳ ಹೊಂದಾಣಿಕೆಯನ್ನು ಗಮನಿಸದೆ ಇರಲಾಗದು. ಹಸಿವು ಮೊದಲು, ಬಟ್ಟೆ ಆಮೇಲೆ, ಸಿದ್ಧಾಂತ ಕೊನೆಗೆ.

ಕನ್ನಡ ನಾಡಿನ ಶಾಸನಗಳು ಹೇಳುವುದು ಇದಕ್ಕಿಂತ ಶಾಂತವಾದ ಮಾತು. ದೇವಗಿರಿಯಲ್ಲಿ ದೊರೆತ, ಕದಂಬ ಮೃಗೇಶವರ್ಮನ ೫ನೆಯ ಶತಮಾನದ ತಾಮ್ರಪಟವೊಂದು ಕಾಲವಂಗವೆಂಬ ಗ್ರಾಮವನ್ನು ಮೂರು ಭಾಗ ಮಾಡಿ, ಒಂದನ್ನು ಜಿನೇಂದ್ರನಿಗೂ, ಒಂದನ್ನು ಶ್ವೇತಪಟ ಸಂಘಕ್ಕೂ, ಒಂದನ್ನು ನಿರ್ಗ್ರಂಥ ಸಂಘಕ್ಕೂ ಕೊಟ್ಟುದನ್ನು ದಾಖಲಿಸುತ್ತದೆ. ಅದೇ ಅರಸನ ಹಲಸಿಯ ದಾನದಲ್ಲಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳು ಒಟ್ಟಿಗೆ ಬರುತ್ತವೆ. ಉಣಿಸುವ ಕೈ ಇದ್ದಲ್ಲಿ ಶಾಖೆಗಳು ಒಂದೇ ಊರಿನ ಬೆಳೆಯನ್ನು ಹಂಚಿಕೊಂಡು ಬಾಳಿದವು.

ಇವುಗಳಲ್ಲಿ ಯಾಪನೀಯರ ಸ್ಥಿತಿ ವಿಚಾರಾರ್ಹವಾದುದು. ಅವರ ಮುನಿಗಳು ದಿಗಂಬರರಂತೆ ನಗ್ನರು. ಆದರೆ ಸ್ತ್ರೀಗೂ ಮೋಕ್ಷವುಂಟು, ಕೇವಲಜ್ಞಾನಿಯೂ ಆಹಾರ ಸೇವಿಸುತ್ತಾನೆ ಎಂಬ ವಿಚಾರಗಳಲ್ಲಿ ಶ್ವೇತಾಂಬರರ ಕಡೆಯವರು. ೧೦ನೆಯ ಶತಮಾನದ ದೇವಸೇನನು ತನ್ನ ದರ್ಶನಸಾರದಲ್ಲಿ ಅವರನ್ನು ಜೈನಾಭಾಸರ ಪಟ್ಟಿಗೆ ಸೇರಿಸಿದನು. ಅವರ ಪರವಾಗಿ ವೈಯಾಕರಣ ಶಾಕಟಾಯನನು ಬರೆದ ಎರಡು ಚಿಕ್ಕ ಪ್ರಕರಣಗಳು ಉಳಿದುಬಂದಿವೆ. ಅವುಗಳಲ್ಲೊಂದರ ವಿಷಯ ಕೇವಲಿಯ ಆಹಾರವೇ. ಶಾಕಟಾಯನನೂ ಜಿನಸೇನರೂ ರಾಷ್ಟ್ರಕೂಟ ಅಮೋಘವರ್ಷನ ಕಾಲದವರೆಂಬುದನ್ನು ಇಲ್ಲಿ ನೆನೆಯಬೇಕು. ಪರಿಪೂರ್ಣನಾದವನು ಉಣ್ಣುತ್ತಾನೆಯೇ ಇಲ್ಲವೇ ಎಂಬ ವಾದ ನಡೆಯುತ್ತಿದ್ದ ರಾಜ್ಯದಲ್ಲಿ, ಹಸಿವಿನಿಂದ ಧರ್ಮ ಕವಲೊಡೆದ ಕಥೆಯನ್ನು ಜಿನಸೇನರು ಅಷ್ಟು ವಿವರವಾಗಿ ಬರೆದುದು ಆಕಸ್ಮಿಕವಲ್ಲವೆಂದು ತೋರುತ್ತದೆ. ಇದು ಊಹೆ, ಆದರೆ ಆಧಾರವಿಲ್ಲದ ಊಹೆಯಲ್ಲ.

ಜಿನಸೇನರಿಗೂ ನಮ್ಮ ಸೀಮೆಗೂ ಒಂದು ನಂಟಿದೆ. ಅವರ ಗುರು ವೀರಸೇನರ ಧವಲಾ ಟೀಕೆಯನ್ನೂ, ಗುರುವು ಅರ್ಧಕ್ಕೆ ಬಿಟ್ಟುದನ್ನು ಶಿಷ್ಯನು ೮೩೭ರಲ್ಲಿ ಪೂರ್ಣಗೊಳಿಸಿದ ಜಯಧವಲಾ ಟೀಕೆಯನ್ನೂ ಶತಮಾನಗಳ ಕಾಲ ಕಾಪಾಡಿದುದು ಮೂಡುಬಿದಿರೆಯ ಗುರುಬಸದಿಯ ತಾಳೆಗರಿಗಳು. ಯಾತ್ರಿಕರು ಬಂದು ಆ ಗರಿಗಳ ದರ್ಶನ ಪಡೆದು ಹೋಗುತ್ತಿದ್ದರು, ಓದುವವರು ವಿರಳ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾದುದು ೧೯೩೯ರಲ್ಲಿ. ವಾಲ್ಟರ್ ಮಿಲ್ಲರನು ೧೯೫೯ರ ತನ್ನ ಕಾದಂಬರಿಯಲ್ಲಿ, ಪ್ರಳಯಾನಂತರದ ಮಠವಾಸಿಗಳು ಅರ್ಥ ತಿಳಿಯದ ವಿಜ್ಞಾನಪತ್ರಗಳನ್ನು ಭಕ್ತಿಯಿಂದ ನಕಲು ಮಾಡುವುದನ್ನು ಚಿತ್ರಿಸಿದ್ದಾನೆ. ಅದನ್ನೋದುವಾಗ ಈ ಭಾಗದ ಓದುಗನಿಗೆ ಗುರುಬಸದಿ ನೆನಪಾಗದೆ ಇರದು.

ಮೂಡುಬಿದಿರೆಯ ರತ್ನಾಕರವರ್ಣಿಯ ಬಾಳಿನ ಬಗೆಗೂ ಇಂಥದೇ ಕಥೆಯಿದೆ. ತನ್ನ ಕಾವ್ಯಕ್ಕೆ ತಕ್ಕ ಮನ್ನಣೆ ದೊರೆಯಲಿಲ್ಲವೆಂದು ಮುನಿದು ಅವನು ವೀರಶೈವನಾದನೆಂದೂ ಆಮೇಲೆ ಸ್ವಮತಕ್ಕೆ ಮರಳಿದನೆಂದೂ ೧೯ನೆಯ ಶತಮಾನದ ದೇವಚಂದ್ರನ ರಾಜಾವಳಿ ಕಥೆ ಹೇಳುತ್ತದೆ. ಇದು ಐತಿಹ್ಯ ಮಾತ್ರ. ಆದರೆ ಮತಾಂತರದ ಕಾರಣವಾಗಿ ಐತಿಹ್ಯವು ತತ್ತ್ವವನ್ನಲ್ಲ, ಮಾನಾಪಮಾನವನ್ನು ಮುಂದಿಡುವುದು ಗಮನಾರ್ಹ. ಅವನ ಭರತೇಶವೈಭವದ ನಾಯಕನು ಭೋಗದ ನಡುವೆಯೇ ಯೋಗಿಯಾದವನು. ದೀಕ್ಷೆ ಪಡೆದ ಸ್ವಲ್ಪ ಹೊತ್ತಿನಲ್ಲೇ ಕೇವಲಜ್ಞಾನವನ್ನು ಹೊಂದಿದವನು. ನಾಲ್ಕು ಸಾವಿರ ಅರಸರನ್ನು ಕೆಡವಿದ ಆ ಹಸಿವಿನ ದಾರಿಯನ್ನು ಅವನು ತುಳಿಯಬೇಕಾಗಲೇ ಇಲ್ಲ.

ಈ ವಾದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು: ಎಲ್ಲವನ್ನೂ ಹಸಿವಿಗೆ ಇಳಿಸಿದರೆ ಧರ್ಮದಲ್ಲಿ ಉಳಿಯುವುದೇನು? ಉತ್ತರವನ್ನು ಪುರಾಣವೇ ಕೊಡುತ್ತದೆ. ಸ್ವಾಮಿಗೆ ಕೇವಲಜ್ಞಾನವಾದ ಮೇಲೆ ಬಿದ್ದ ಅರಸರಲ್ಲಿ ಹಲವರು ಮರಳಿ ಬಂದು ದೀಕ್ಷೆ ಪಡೆದರು, ಮರೀಚಿ ಬರಲಿಲ್ಲ. ಆದರೆ ಆ ಮರೀಚಿಯ ಜೀವವೇ ಅನೇಕ ಭವಗಳನ್ನು ಸುತ್ತಿ ಕೊನೆಗೆ ಇಪ್ಪತ್ತನಾಲ್ಕನೆಯ ತೀರ್ಥಂಕರನಾದ ಮಹಾವೀರನಾಗಿ ಹುಟ್ಟಿತೆಂಬುದನ್ನು, ಜಿನಸೇನರ ಶಿಷ್ಯ ಗುಣಭದ್ರರ ಉತ್ತರಪುರಾಣ ತಿಳಿಸುತ್ತದೆ. ಮೊದಲ ತೀರ್ಥಂಕರನಿಂದ ಕವಲೊಡೆದವನೇ ಕೊನೆಯ ತೀರ್ಥಂಕರ! ಕಾರಣ ಹಸಿವಾದರೂ ಗತಿ ಹಸಿವಲ್ಲ. ಭಿನ್ನಮತದ ಮೂಲಪುರುಷನಿಗೆ ಇಂಥ ಭವಿಷ್ಯವನ್ನು ಕೊಡುವ ಧೈರ್ಯ ನಾನೋದಿದ ಯಾವ ವಿಜ್ಞಾನಕಥೆಯಲ್ಲಿಯೂ ಕಾಣಲಿಲ್ಲ.

ಬಂಟ್ವಾಳದಿಂದ ನೇತ್ರಾವತಿಯ ಸೀಮೆಯನ್ನು ಹಿಡಿದು ಬೆಳ್ತಂಗಡಿಯ ಕಡೆಗೆ ಹೋಗುವ ವಿದ್ಯಾರ್ಥಿ ಈ ವಿಚಾರವನ್ನು ಕಣ್ಣಾರೆ ನೋಡಬಹುದು. ಅದೇ ತಾಲೂಕಿನ ವೇಣೂರಿನಲ್ಲಿ ತಿಮ್ಮರಾಜ ಅಜಿಲನು ೧೬೦೪ರಲ್ಲಿ ನಿಲ್ಲಿಸಿದ ಬಾಹುಬಲಿಯಿದ್ದಾನೆ. ಬಳ್ಳಿ ಹಬ್ಬುವವರೆಗೆ ಉಣ್ಣದೆ ನಿಂತವನ ವಿಗ್ರಹ ಅದು. ನಿಲ್ಲಲಾರದೆ ಹಣ್ಣಿಗೆ ಕೈಚಾಚಿದ ನಾಲ್ಕು ಸಾವಿರ ಜನರಿಗೆ ಎಲ್ಲಿಯೂ ವಿಗ್ರಹವಿಲ್ಲ. ಧರ್ಮಸ್ಥಳದಲ್ಲಿಯೂ ಬಾಹುಬಲಿ ನಿಂತಿದ್ದಾನೆ. ಅಲ್ಲಿ ದೇವರು ಶಿವ, ಪೂಜಿಸುವವರು ಮಾಧ್ವರು, ಹೆಗ್ಗಡೆಯವರು ಜೈನರು. ಬಂದವರೆಲ್ಲರಿಗೂ ಒಂದೇ ಪಂಕ್ತಿಯ ಅನ್ನ. ಶಾಖೆಗಳನ್ನು ಕೂಡಿಸಲು ಹರ್ಬರ್ಟನ ಆಯೋಗವು ಗ್ರಂಥವನ್ನು ಬರೆಯಿತು. ಇಲ್ಲಿ ಯಾರೂ ಸಿದ್ಧಾಂತಗಳನ್ನು ಕೂಡಿಸಲಿಲ್ಲ, ಊಟಕ್ಕೆ ಕೂರಿಸಿದರು. ಕವಲು ಎಲ್ಲಿ ಒಡೆಯಿತೆಂಬುದನ್ನು ಆದಿಪುರಾಣದಲ್ಲಿ ಓದಿದವನಿಗೆ, ಈ ಏರ್ಪಾಟಿನ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.