ಪರದೆ ಹಿಂದಿನ ಕೈ

ಡಿಜಿಟಲ್ ಪ್ರೊಜೆಕ್ಷನ್ ಅಂದ್ರೆ ನಾಲ್ಕು ಜನರ ಮಧ್ಯೆ ಕೂತು ಟೀವಿ ನೋಡಿದ ಹಾಗೆ ಎಂಬರ್ಥದ ಮಾತನ್ನು ಕ್ವೆಂಟಿನ್ ಟ್ಯಾರಂಟಿನೋ 2014ರ ಕಾನ್ ಚಿತ್ರೋತ್ಸವದಲ್ಲಿ ಆಡಿದ್ದ. ಬರೀ ಮಾತಾಡಿ ಸುಮ್ಮನಾಗಲಿಲ್ಲ. ಲಾಸ್ ಏಂಜಲೀಸ್‌ನ ನ್ಯೂ ಬೆವರ್ಲಿ ಎಂಬ ಹಳೇ ಟಾಕೀಸಿನ ಕಟ್ಟಡವನ್ನು 2007ರಲ್ಲೇ ಕೊಂಡಿದ್ದವನು, 2014ರಲ್ಲಿ ಅಲ್ಲಿ ಯಾವ ಚಿತ್ರ ಹಾಕಬೇಕು ಅನ್ನೋ ಹೊಣೆಯನ್ನೂ ಹೊತ್ತ. ಅಲ್ಲಿ ಹಳೆಯ ಚಿತ್ರಗಳೇ ಹೆಚ್ಚು. ಷರತ್ತು ಒಂದೇ: 35 ಎಂಎಂ ಅಥವಾ 16 ಎಂಎಂ ಪ್ರಿಂಟೇ ಓಡಬೇಕು.

ಟೀವಿ ಹೋಲಿಕೆಯನ್ನು ನಾನು ಒಪ್ಪಲ್ಲ. ಗೀರು ಬಿದ್ದು ಬಣ್ಣ ಮಾಸಿದ ಪ್ರಿಂಟಿಗಿಂತ ಒಳ್ಳೆಯ ಡಿಜಿಟಲ್ ಪ್ರತಿ ಎಷ್ಟೋ ವಾಸಿ. 'ರೀಲಿಗೊಂದು ಆತ್ಮ ಇದೆ' ಅನ್ನೋರ ಮಾತು ನನಗೆ ವಿನೈಲ್ ರೆಕಾರ್ಡಿನ ಶೋಕಿಯಂತೆ ಕೇಳುತ್ತೆ. ಆದರೂ ಆ ಟಾಕೀಸಿನ ಹಠ ಸರಿ ಅಂತಲೇ ನನ್ನ ವಾದ. ಕಾರಣ ಪರದೆ ಮೇಲಿಲ್ಲ, ಆಪರೇಟರ್ ಕೋಣೆಯಲ್ಲಿದೆ.

2000 ಅಡಿಯ ಒಂದು ರೀಲು ಓಡೋದು ಸುಮಾರು 20 ನಿಮಿಷ. ಎರಡು ಗಂಟೆಯ ಚಿತ್ರಕ್ಕೆ ಆರು ರೀಲು ಬೇಕು. ಒಂದು ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲ ಮೇಲ್ಮೂಲೆಯಲ್ಲೊಂದು ಚುಕ್ಕೆ ಮಿನುಗುತ್ತೆ. ಆಗ ಎರಡನೇ ಪ್ರೊಜೆಕ್ಟರಿನ ಮೋಟಾರು ಶುರುಮಾಡಬೇಕು. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ ಬಂದಾಗ ಮೊದಲಿನದನ್ನು ಮುಚ್ಚಿ ಇದರ ಬೆಳಕು ಬಿಡಬೇಕು. ನೋಡೋರಿಗೆ ಏನೂ ಗೊತ್ತಾಗಬಾರದು. ಓಡಿದಷ್ಟೂ ಪ್ರಿಂಟ್ ಸವೆಯುತ್ತೆ ಅನ್ನೋದೂ ನಿಜವೇ. ಅದಕ್ಕೇ ನುರಿತ ಕೈ ಬೇಕು. ಆ ಕಸುಬನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಡೋಕಾಗಲ್ಲ. ದಿನಾ ರೀಲು ಓಡೋ ಜಾಗ ಇದ್ದರೆ ಮಾತ್ರ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತೆ.

ಹಳೇ ರೀಲು ಯಾಕೆ ಉಳಿಯಬೇಕು ಅನ್ನೋದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರ ಚಿತ್ರ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಅದರ ಮೂಲ ನೆಗೆಟಿವ್ ಉಳಿದಿದ್ದರಿಂದಲೇ ಹೊಸದಾಗಿ ಸ್ಕ್ಯಾನ್ ಮಾಡಿ ಸರಿಪಡಿಸೋಕಾಯ್ತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಂದರೆ ಡಿಜಿಟಲ್ ಪ್ರತಿಗೂ ತಾಯಿಬೇರು ಸೆಲ್ಯುಲಾಯ್ಡೇ.

ಆದರೆ ಡಬ್ಬಿಯಲ್ಲಿ ತಂಪಾಗಿ ಇಟ್ಟರೆ ಅರ್ಧ ಕೆಲಸ ಆಯ್ತು ಅಷ್ಟೇ. ಇನ್ನರ್ಧ, ಅದನ್ನು ಪರದೆಗೆ ತರೋದು. ಹಳೇ ಚಿತ್ರ ಅಂದ್ರೆ ಲ್ಯಾಪ್‌ಟಾಪಿನಲ್ಲಿ ನೋಡೋದು ಅಂತ ನಾವೇ ತೀರ್ಮಾನಿಸಿಬಿಟ್ಟರೆ ಆ ಕೋಣೆಯ ದೀಪ ಆರಿದ ಹಾಗೆಯೇ. ಕನ್ನಡದ ಹಳೇ ಚಿತ್ರಗಳನ್ನು ವರ್ಷವಿಡೀ ಹಾಕೋ ಒಂದು ಪರದೆ, ರೀಲು ಏರಿಸಬಲ್ಲ ಇಬ್ಬರು ಆಪರೇಟರುಗಳು: ಬೆಂಗಳೂರಿನಂಥ ಊರಿಗೆ ಇದು ದುಬಾರಿ ಬೇಡಿಕೆ ಅಂತ ನನಗನ್ನಿಸಲ್ಲ. ಟಿಕೆಟ್ ಕೊಳ್ಳೋ ಕೆಲಸ ಮಾತ್ರ ನಮ್ಮದು.