ದಾನದ ಕಥೆ, ಹಕ್ಕಿನ ಕಥೆ

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಮೇಲೆ ನಡೆದ ಚರ್ಚೆಗಳಲ್ಲಿ ಹೆಣ್ಣಿನ ನೋವಿನದೇ ಮೇಲುಗೈ. ಅದು ಸರಿಯೇ. ಆದರೆ ಅದೇ ಸಂಕಲನದ ಎರಡು ಕಥೆಗಳು ನಮ್ಮ ದಾನಶೀಲರನ್ನು ಕಟಕಟೆಗೆ ತಂದು ನಿಲ್ಲಿಸುತ್ತವೆ. ಆ ಬಗ್ಗೆ ಮಾತು ಕಡಿಮೆ.

'ಕೆಂಪು ಲುಂಗಿ'ಯ ರಜಿಯಾ ಮನೆಯ ಹುಡುಗರ ಖತ್ನಾ ಜೊತೆಗೆ ಬಡವರ ಮಕ್ಕಳಿಗೂ ಸಾಮೂಹಿಕ ಖತ್ನಾ ಮಾಡಿಸುತ್ತಾಳೆ. ಸವಾಬಿನ ಕೆಲಸ! ಬಡ ಹುಡುಗರಿಗೆ ಹಳೆಯ ಪದ್ಧತಿಯ ಕತ್ತಿ ಮತ್ತು ಬೂದಿ. ಮನೆಯ ಹುಡುಗರಿಗೆ ಸರ್ಜನ್. ಕೊನೆಗೆ ಬಡ ಹುಡುಗ ಆರಿಫ್ ವಾಸಿಯಾಗಿ ಓಡಾಡುತ್ತಾನೆ, ರಜಿಯಾಳ ಮಗನ ಗಾಯ ಕೆಡುತ್ತದೆ. ಇಲ್ಲಿ ನಮ್ಮದೊಂದು ತಕರಾರಿದೆ. ಬಡವನನ್ನು ದೇವರು ಕಾಯ್ದನೆಂದರೆ ರಜಿಯಾ ಉತ್ತರ ಹೇಳಬೇಕಾದ ಪ್ರಶ್ನೆ ಅಲ್ಲಿಗೇ ಕರಗಿಹೋಗುತ್ತದೆ.

ಕಫನಿನ ಕಥೆ ಇಂಥ ಸಮಾಧಾನ ಕೊಡುವುದಿಲ್ಲ. ಹಜ್‌ಗೆ ಹೊರಟ ಶಾಜಿಯಾಳ ಕೈಯಲ್ಲಿ ಯಾಸೀನ್ ಬುವಾ ತನ್ನ ದುಡಿಮೆಯ ದುಡ್ಡಿಟ್ಟು, ಝಮ್‌ಝಮ್ ನೀರಿನಲ್ಲಿ ಅದ್ದಿದ ಕಫನ್ ತರಲು ಹೇಳುತ್ತಾಳೆ. ಶಾಜಿಯಾ ತರುವುದಿಲ್ಲ. ಬುವಾ ಕೇಳಿದ್ದು ದಾನವಲ್ಲ, ತನಗೆ ಬರಬೇಕಾದದ್ದು. ಅದನ್ನು ಶಾಜಿಯಾ ಉಪಕಾರವೆಂದು ತಿಳಿದಳಲ್ಲ, ಕಥೆಯ ಮುಳ್ಳು ಅಲ್ಲಿದೆ.

ಮೈಸೂರಿನ ಗೋಕುಲಂನಲ್ಲಿ ಇದನ್ನು ಓದಿದರೆ ಬೇರೆ ಊರಿನ ಕಥೆ ಎನಿಸುವುದಿಲ್ಲ. ಯೋಗ ಕಲಿಯಲು ಪರದೇಶದವರು ಬಂದು ತಂಗುವ ಬಡಾವಣೆ ಇದು. ಪಕ್ಕದಲ್ಲೇ ಮಂಚೇಗೌಡನ ಕೊಪ್ಪಲು. ರಂಜಾನಿಗೆ ಕಿಟ್, ಗೌರಿಹಬ್ಬಕ್ಕೆ ಸೀರೆ, ಕ್ರಿಸ್‌ಮಸ್ಸಿಗೆ ಕೇಕು: ಕೊಡುವುದರಲ್ಲಿ ಯಾವ ಧರ್ಮದವರೂ ಹಿಂದೆ ಬಿದ್ದಿಲ್ಲ. ಮನೆಗೆಲಸದಾಕೆ ಜ್ವರ ಬಂದ ದಿನದ ಸಂಬಳ ಕೇಳಿದಾಗ ಮಾತ್ರ ಮುಖ ಗಂಟಾಗುತ್ತದೆ. ಉಳ್ಳವರ ಸಂಪತ್ತಿನಲ್ಲಿ ಬೇಡುವವರಿಗೂ ವಂಚಿತರಿಗೂ ಇರುವುದನ್ನು ಕುರ್‌ಆನ್ 'ಹಕ್' ಎಂದೇ ಕರೆಯುತ್ತದೆ. ಝಕಾತಿನ ಬಾಬುಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಬಂಧನದಲ್ಲಿರುವವರ ಬಿಡುಗಡೆಯೂ ಸೇರಿವೆ. ನಾವು ಅದನ್ನು ಅಕ್ಕಿ-ಎಣ್ಣೆಯ ಚೀಲಕ್ಕೆ ಇಳಿಸಿಬಿಟ್ಟಿದ್ದೇವೆ.

ಬೇರೆ ದಾರಿ ಇಲ್ಲವೆಂದಲ್ಲ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದರ ಹೆಸರಿನಲ್ಲಿ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಅದೂ ಶ್ರದ್ಧೆಯಿಂದ ಹುಟ್ಟಿದ ಸೇವೆಯೇ, ಮೊದಲು ಔಷಧಿಯ ಸೇವೆ. ಆದರೆ ಅದು ಔಷಧಿಗೆ ನಿಲ್ಲಲಿಲ್ಲ. ಶಾಲೆ ಬಂತು, ಸೋಲಿಗರ ಸಂಘಟನೆ ಬೆಳೆಯಿತು. ಕಾಡಿನ ಮೇಲೆ ಹಕ್ಕು ಕೇಳಿ ಅರ್ಜಿ ಹಾಕಿದವರು, ಪಟ್ಟು ಹಿಡಿದವರು ಸೋಲಿಗರೇ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು.

ನಮ್ಮ ಕಥೆಗಳಲ್ಲಿ ಬಡವರು ಇನ್ನೂ ಹೆಚ್ಚಾಗಿ ಕೊಡುವವರ ಹೊಸ್ತಿಲಲ್ಲೇ ನಿಂತಿದ್ದಾರೆ. ಬುವಾ ಸತ್ತ ಮೇಲೆ ಶಾಜಿಯಾ ಅಳುತ್ತಾಳೆ, ಓದುಗರು ಶಾಜಿಯಾಳ ಜೊತೆ ಅಳುತ್ತಾರೆ. ಬುವಾಳ ಮಗ ಆ ರಾತ್ರಿ ಏನೆಂದುಕೊಂಡನೋ, ಅದನ್ನು ಬರೆಯುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.